ಬೆಟ್ಟದ ದಾರಿಯ ಬೈಸಿಕಲ್ ಸವಾರ

ಫ್ರಾನ್ಸ್ ದೇಶದ ದಕ್ಷಿಣಕ್ಕಿರುವ ಪ್ರೊವಾನ್ಸ್ ಪ್ರಾಂತದಲ್ಲಿ ಪೆರ್ನ್ ಎಂಬುದೊಂದು ಚಿಕ್ಕ ಊರು. ಸುತ್ತಲೂ ದ್ರಾಕ್ಷಿಯ ತೋಟಗಳು. ದೂರದಲ್ಲಿ, ಬಯಲಿನ ನಡುವೆ ಒಂಟಿಯಾಗಿ ತಲೆಯೆತ್ತಿ ನಿಂತ ವೆಂತೂ ಪರ್ವತ. ಈ ಊರಿನಲ್ಲಿ 1853ನೆಯ ಇಸವಿಯ ಏಪ್ರಿಲ್ 29ರಂದು ಪಾಲ್ ದ ವಿವೀ ಜನಿಸಿದನು. ಗ್ರೀಕ್ ಮತ್ತು ಲ್ಯಾಟಿನ್ ಸಾಹಿತ್ಯದ ಅಭಿರುಚಿ ಆತನಿಗೆ ಚಿಕ್ಕಂದಿನ ವಿದ್ಯಾಭ್ಯಾಸದಿಂದಲೇ ಬಂದಿತು. ಆದರೆ ಬೆಳೆದು ದೊಡ್ಡವನಾದ ಮೇಲೆ ಹಿಡಿದ ವೃತ್ತಿ ರೇಷ್ಮೆಯ ವ್ಯಾಪಾರ. ಅದಕ್ಕಾಗಿ ಆತ ನೆಲೆಸಿದ ನಗರ ಸೆಂಟ್ ಎತಿಯೆನ್. ಕಲ್ಲಿದ್ದಲಿನ ಗಣಿ, ಬಂದೂಕಿನ ಕಾರ್ಖಾನೆ, ರೇಷ್ಮೆ ರಿಬ್ಬನ್ನಿನ ಮಗ್ಗ ಇವುಗಳಿಂದ ಹೆಸರಾಗಿದ್ದ ಆ ಊರನ್ನು ಸುಂದರವೆಂದು ಯಾರೂ ಕರೆಯುತ್ತಿರಲಿಲ್ಲ. ಆದರೆ ಊರಿನ ಹೊರಗೆ ಕಾಲಿಟ್ಟರೆ ಸಾಕು, ಬೆಟ್ಟ ಪ್ರಾರಂಭವಾಗುತ್ತಿತ್ತು. ಪೈನ್ ಮರಗಳ ಕಾಡು, ಇಳಿಜಾರಿನ ಹುಲ್ಲುಗಾವಲು, ಅಲ್ಲೊಂದು ಇಲ್ಲೊಂದು ಕಲ್ಲಿನ ಮನೆಗಳ ಹಳ್ಳಿ. ಇವುಗಳ ನಡುವೆ ಸುತ್ತಿ ಸುತ್ತಿ ಏರುವ ದಾರಿಗಳು.

ಇಪ್ಪತ್ತೆಂಟನೆಯ ವಯಸ್ಸಿನವರೆಗೆ ವಿವೀಯ ಬಾಳಿನಲ್ಲಿ ಹೇಳಿಕೊಳ್ಳುವಂಥ ಘಟನೆ ಯಾವುದೂ ಇಲ್ಲ. 1881ರಲ್ಲಿ ಆತನು ಒಂದು ಬೈಸಿಕಲ್ಲನ್ನು ಕೊಂಡನು. ಇಂದು ನಾವು ಕಾಣುವ ಬೈಸಿಕಲ್ಲು ಅದಲ್ಲ. ಮುಂದಿನ ಚಕ್ರ ಮನುಷ್ಯನ ಎದೆಯೆತ್ತರ, ಹಿಂದಿನದು ಅಂಗೈಯಗಲ ಎನ್ನುವಷ್ಟು ಚಿಕ್ಕದು. ಸರಪಣಿಯಿಲ್ಲ, ಪೆಡಲುಗಳು ಮುಂದಿನ ಚಕ್ರದ ಅಚ್ಚಿಗೇ ಜೋಡಣೆಯಾಗಿದ್ದವು. ಕಲ್ಲೊಂದು ಚಕ್ರಕ್ಕೆ ಅಡ್ಡ ಬಂದರೆ ಸವಾರನು ತಲೆಕೆಳಗಾಗಿ ಮುಂದಕ್ಕೆ ಬೀಳುವುದು ಸಾಮಾನ್ಯವಾಗಿತ್ತು. ನೂರು ಕಿಲೋಮೀಟರ್ ದೂರವನ್ನು ಆರು ಗಂಟೆಗಳಲ್ಲಿ ಕ್ರಮಿಸಬಲ್ಲೆಯಾ ಎಂದು ಗೆಳೆಯನೊಬ್ಬನು ಪಂದ್ಯ ಕಟ್ಟಿದನಂತೆ. ಹಳೆಯ ಕ್ರೈಸ್ತ ಮಠಕ್ಕೆ ಹೆಸರಾದ ಲ ಶೆಜ್ ದ್ಯೂ ಎಂಬ ಬೆಟ್ಟದೂರಿನ ದಾರಿ ಹಿಡಿದು ವಿವೀ ಆ ಪಂದ್ಯವನ್ನು ಗೆದ್ದನು. ಗೆಲುವಿಗಿಂತ ಮಿಗಿಲಾದುದೊಂದು ಅಂದು ಆತನಿಗೆ ದೊರಕಿತು. ಕುದುರೆಯ ಹಂಗಿಲ್ಲದೆ, ರೈಲಿನ ವೇಳಾಪಟ್ಟಿಗೆ ಕಾಯದೆ, ತನ್ನ ಕಾಲಿನ ಬಲವೊಂದರಿಂದಲೇ ಒಬ್ಬ ಮನುಷ್ಯನು ಬೆಟ್ಟಗುಡ್ಡಗಳನ್ನು ದಾಟಿ ನಾಡನ್ನೆಲ್ಲ ನೋಡಿಬರಬಹುದೆಂಬುದು ಆತನಿಗೆ ಮನದಟ್ಟಾಯಿತು.

ಆ ಕಾಲಕ್ಕೆ ಬೈಸಿಕಲ್ ತಯಾರಿಕೆಯಲ್ಲಿ ಮುಂದಿದ್ದುದು ಇಂಗ್ಲೆಂಡಿನ ಕವೆಂಟ್ರಿ ನಗರ. ವಿವೀ ಅಲ್ಲಿಗೆ ಹೋಗಿ ಕಾರ್ಖಾನೆಗಳನ್ನು ನೋಡಿ ಬಂದನು. 1887ರಲ್ಲಿ ನಡೆಯುತ್ತಿದ್ದ ರೇಷ್ಮೆಯ ವ್ಯಾಪಾರವನ್ನು ಮಾರಿ, ಸೆಂಟ್ ಎತಿಯೆನ್‌ನಲ್ಲಿ ಬೈಸಿಕಲ್ ಅಂಗಡಿಯನ್ನು ತೆರೆದನು. ಸಂಸಾರಸ್ಥನಾದ ವ್ಯಾಪಾರಿಯೊಬ್ಬನು ಇಂಥ ಹೆಜ್ಜೆಯನ್ನು ಇಟ್ಟಾಗ ಬಂಧುಗಳು ಹುಬ್ಬೇರಿಸಿದ್ದರೆ ಆಶ್ಚರ್ಯವಿಲ್ಲ. ಅದೇ ವರ್ಷ ಆತನು ಒಂದು ಪತ್ರಿಕೆಯನ್ನೂ ಹೊರಡಿಸಿದನು. ಮುಂದಿನ ವರ್ಷದಿಂದ ಅದಕ್ಕೆ ‘ಲ ಸಿಕ್ಲಿಸ್ತ್’ ಎಂಬ ಹೆಸರು ನಿಂತಿತು. ಬೈಸಿಕಲ್ ಸವಾರ ಎಂದು ಅದರ ಅರ್ಥ. ಅದರಲ್ಲಿ ಆತನು ‘ವೆಲೋಸಿಯೋ’ ಎಂಬ ಅಂಕಿತದಿಂದ ಬರೆಯುತ್ತಿದ್ದನು. ಜನ ಆತನನ್ನು ಕ್ರಮೇಣ ಆ ಹೆಸರಿನಿಂದಲೇ ಕರೆಯತೊಡಗಿದರು. ಯಾವ ದಾರಿಯ ಏರು ಎಷ್ಟು ಕಡಿದು, ಎಲ್ಲಿ ಯಾವ ನೋಟ ಚೆನ್ನ, ಯಾವ ಯಂತ್ರ ಪ್ರಯಾಣದಲ್ಲಿ ಬಾಳಿತು, ಯಾವುದು ಕೈಕೊಟ್ಟಿತು ಎಂಬ ಸಂಗತಿಗಳನ್ನು ಆತ ಸ್ವಂತ ಅನುಭವದಿಂದ ಬರೆದನು. ಓದುಗರೂ ತಮ್ಮ ಅನುಭವಗಳನ್ನು ಬರೆದು ಕಳುಹಿಸಿದರು.

ಸೆಂಟ್ ಎತಿಯೆನ್‌ನಿಂದ ದಕ್ಷಿಣಕ್ಕೆ ಹೊರಟರೆ ರಿಪಬ್ಲಿಕ್ ಎಂಬ ಘಾಟಿಯನ್ನು ಏರಬೇಕು. ಸಮುದ್ರಮಟ್ಟದಿಂದ ಅದರ ಎತ್ತರ 1161 ಮೀಟರ್. ಒಮ್ಮೆ ವೆಲೋಸಿಯೋ ಈ ಏರನ್ನು ಏದುಸಿರು ಬಿಡುತ್ತ ಹತ್ತುತ್ತಿದ್ದಾಗ ಅವನ ಪತ್ರಿಕೆಯ ಓದುಗನೊಬ್ಬನು ನಿಶ್ಚಿಂತೆಯಿಂದ ಪೈಪು ಸೇದುತ್ತ ಅವನನ್ನು ಹಿಂದಕ್ಕೆ ಹಾಕಿ ಹೋದನೆಂದು ಹೇಳುತ್ತಾರೆ. ಬೇರೆಯವರಾಗಿದ್ದರೆ ಇದನ್ನು ಅವಮಾನವೆಂದು ಬಗೆಯುತ್ತಿದ್ದರೋ ಏನೋ. ವೆಲೋಸಿಯೋ ಅದರಲ್ಲಿ ಒಂದು ಸಮಸ್ಯೆಯನ್ನು ಕಂಡನು.

ಆ ವೇಳೆಗೆ ಎರಡೂ ಚಕ್ರಗಳು ಸಮವಾದ, ಸರಪಣಿಯಿರುವ ಬೈಸಿಕಲ್ಲು ಬಳಕೆಗೆ ಬಂದಿತ್ತು. ಪೆಡಲಿನ ಬಳಿಯ ಹಲ್ಲುಚಕ್ರದಲ್ಲಿ 48 ಹಲ್ಲುಗಳೂ ಹಿಂದಿನ ಚಕ್ರದ ಹಲ್ಲುಬಿಲ್ಲೆಯಲ್ಲಿ 16 ಹಲ್ಲುಗಳೂ ಇವೆಯೆಂದು ಭಾವಿಸೋಣ. ಪೆಡಲನ್ನು ಒಂದು ಸುತ್ತು ತುಳಿದರೆ ಹಿಂದಿನ ಚಕ್ರ ಮೂರು ಸುತ್ತು ತಿರುಗುತ್ತದೆ. ಚಕ್ರದ ಸುತ್ತಳತೆ ಸುಮಾರು ಎರಡು ಮೀಟರ್ ಇದ್ದರೆ ಸವಾರನು ಆರು ಮೀಟರ್ ಮುಂದೆ ಸಾಗುತ್ತಾನೆ. ಸಮನಾದ ನೆಲದಲ್ಲಿ ಇದು ಹಿತ. ಕಡಿದಾದ ಏರಿನಲ್ಲಿ ಅದೇ ಅಳತೆ ಮೊಣಕಾಲನ್ನು ಮುರಿಯುತ್ತದೆ. ಎರಡರಲ್ಲಿಯೂ 24 ಹಲ್ಲುಗಳಿದ್ದರೆ ಒಂದು ತುಳಿತಕ್ಕೆ ಸಾಗುವುದು ಎರಡೇ ಮೀಟರ್. ಆದರೆ ತುಳಿಯುವುದು ಹಗುರ. ಒಂದೇ ಬೈಸಿಕಲ್ಲಿನಲ್ಲಿ ಈ ಎರಡು ಅನುಕೂಲಗಳೂ ಏಕೆ ಇರಬಾರದು? ವೆಲೋಸಿಯೋ ಮೊದಲು ಪೆಡಲಿನ ಬಳಿ ಎರಡು ಹಲ್ಲುಚಕ್ರಗಳನ್ನು ಕೂಡಿಸಿದನು. ಏರು ಬಂದಾಗ ಕೆಳಗಿಳಿದು, ಸರಪಣಿಯನ್ನು ಕೈಯಿಂದ ಎತ್ತಿ ಒಂದರಿಂದ ಇನ್ನೊಂದಕ್ಕೆ ಹಾಕಬೇಕಾಗಿತ್ತು. ಕೈಯೆಲ್ಲ ಎಣ್ಣೆಯ ಮಸಿ. ಅನಂತರ ಇಂಗ್ಲೆಂಡಿನಲ್ಲಿ ಆಗಿದ್ದ ಪ್ರಯೋಗಗಳನ್ನು ಪರಿಶೀಲಿಸಿ, ತನ್ನ ಊರಿನ ಕುಶಲಕರ್ಮಿಗಳನ್ನು ಹುರಿದುಂಬಿಸಿ, ಬಗೆಬಗೆಯ ಗೇರುಗಳನ್ನು ಬೆಟ್ಟದ ದಾರಿಯಲ್ಲಿ ತಾನೇ ತುಳಿದು ಪರೀಕ್ಷಿಸಿದನು. ಗೇರನ್ನು ಆತನೊಬ್ಬನೇ ಕಂಡುಹಿಡಿದನೆಂದು ಕೆಲವರು ಬರೆದಿರುವುದು ಸರಿಯಲ್ಲ. ಹಲವರು ಕಂಡುಹಿಡಿದುದನ್ನು ಸವಾರರ ಕೈಗೆ ಮುಟ್ಟಿಸಲು ನಲವತ್ತು ವರ್ಷ ಹೆಣಗಿದವನು ಆತನು. ಆ ಕೀರ್ತಿಯೇನೂ ಚಿಕ್ಕದಲ್ಲ.

ಹೆಣಗಬೇಕಾದುದು ಏಕೆಂದರೆ, ಬೈಸಿಕಲ್ ಪಂದ್ಯಗಳ ಲೋಕ ಗೇರನ್ನು ಕಂಡು ನಕ್ಕಿತು. ಆ ಲೋಕದ ಪ್ರಬಲ ವ್ಯಕ್ತಿ ಆನ್ರಿ ದೆಗ್ರಾಂಜ್. 1903ರಲ್ಲಿ ‘ಟೂರ್ ದ ಫ್ರಾನ್ಸ್’ ಎಂಬ ಪ್ರಖ್ಯಾತ ಪಂದ್ಯವನ್ನು ಆರಂಭಿಸಿದ ಪತ್ರಿಕಾ ಸಂಪಾದಕ. 1902ರಲ್ಲಿ ಫ್ರಾನ್ಸಿನ ಪ್ರವಾಸಿ ಸಂಘವೊಂದು ಪ್ರವಾಸದ ಬೈಸಿಕಲ್ಲುಗಳಿಗಾಗಿ ಬೆಟ್ಟದ ದಾರಿಯಲ್ಲಿ ಸ್ಪರ್ಧೆಯನ್ನು ಏರ್ಪಡಿಸಿತು. ಮಾರ್ತ್ ಎಸ್ ಎಂಬ ಮಹಿಳೆ ಗೇರುಳ್ಳ ಬೈಸಿಕಲ್ಲಿನಲ್ಲಿ, ಎಲ್ಲಿಯೂ ಕಾಲು ಕೆಳಗೂರದೆ, ಆ ಏರುದಾರಿಯನ್ನು ಪೂರೈಸಿದಳೆಂದು ಪ್ರಸಿದ್ಧವಾಗಿದೆ. ದೆಗ್ರಾಂಜನ ಮನಸ್ಸು ಅದರಿಂದಲೂ ಕರಗಲಿಲ್ಲ. ಗೇರು ನಲವತ್ತೈದು ದಾಟಿದವರಿಗೆ ಸಾಕು, ತರುಣರು ಗೆಲ್ಲಬೇಕಾದುದು ಮಾಂಸಖಂಡದ ಬಲದಿಂದ ಎಂಬುದು ಅವನ ವಾದ. ಪಂದ್ಯವೆಂಬುದು ಮನುಷ್ಯನ ಕಸುವಿನ ಪರೀಕ್ಷೆ ಎಂದು ಬಗೆದವನಿಗೆ ಹಾಗೆ ತೋರುವುದು ಸಹಜವೇ. ಆದರೆ ಬೈಸಿಕಲ್ಲು ಪಂದ್ಯದವರ ಸೊತ್ತು ಮಾತ್ರವೇ? ಮುದುಕನೂ ಹೆಂಗಸೂ ಗಣಿಯ ಕೂಲಿಯೂ ಭಾನುವಾರದ ದಿನ ಬೆಟ್ಟದಾಚೆಯ ಊರನ್ನು ನೋಡಬೇಡವೇ? ವೆಲೋಸಿಯೋನ ಲೇಖನಗಳ ಹುರುಳು ಈ ಪ್ರಶ್ನೆಯಲ್ಲಿತ್ತು.

ಉತ್ತರವನ್ನು ಆತನು ಲೇಖನಿಯಿಂದ ಕೊಟ್ಟುದಕ್ಕಿಂತ ಸವಾರಿಯಿಂದ ಕೊಟ್ಟುದೇ ಹೆಚ್ಚು. ವರ್ಷವರ್ಷವೂ ಈಸ್ಟರ್ ಹಬ್ಬ ಬಂತೆಂದರೆ ಗೆಳೆಯರೊಡನೆ ಪ್ರೊವಾನ್ಸಿನ ಕಡೆಗೆ ಹೊರಡುವುದು ಆತನ ವಾಡಿಕೆಯಾಗಿತ್ತು. ರಿಪಬ್ಲಿಕ್ ಘಾಟಿಯ ಬಳಿ ಆ ತಿಂಗಳಿನಲ್ಲಿಯೂ ಹಿಮ ಬೀಳುವುದುಂಟು. ಘಾಟಿ ಇಳಿದು ರೋನ್ ನದಿಯ ಕಣಿವೆಯನ್ನು ಸೇರಿದರೆ ಗಾಳಿ ಬೆಚ್ಚಗಾಗುತ್ತದೆ. ಹಣ್ಣಿನ ತೋಟಗಳು ಹೂವು ತಳೆದಿರುತ್ತವೆ. ಇನ್ನೂ ಕೆಳಗೆ ಆಲಿವ್ ಮರಗಳು ಕಾಣಿಸಿಕೊಳ್ಳುತ್ತವೆ. ಹೀಗೆ ಒಂದೇ ಹಗಲಿನಲ್ಲಿ ಚಳಿಗಾಲದಿಂದ ವಸಂತಕ್ಕೆ ಸವಾರಿ. ಅಲ್ಲಿ ಉತ್ತರದಿಂದ ಬೀಸುವ ಮಿಸ್ತ್ರಾಲ್ ಎಂಬ ಬಿರುಗಾಳಿ ಹೋಗುವಾಗ ಬೆನ್ನನ್ನು ತಳ್ಳುತ್ತದೆ, ಬರುವಾಗ ಎದೆಗೆ ಅಡ್ಡ ನಿಲ್ಲುತ್ತದೆ. ರಾತ್ರಿಯೆಲ್ಲ ತುಳಿದು ಬೆಳಗನ್ನು ಬೆಟ್ಟದ ಮೇಲೆ ಕಾಣುವುದೆಂದರೆ ಆತನಿಗೆ ಬಹು ಪ್ರೀತಿ.

ಇಂಥ ಸವಾರಿಗಳ ಅನುಭವದಿಂದ ಆತನು ಸವಾರರಿಗಾಗಿ ಏಳು ನಿಯಮಗಳನ್ನು ರೂಪಿಸಿದನು. ಹಸಿವೆ ಬಾಧಿಸುವ ಮೊದಲೇ ಉಣ್ಣುವುದು, ಬಾಯಾರುವ ಮೊದಲೇ ಕುಡಿಯುವುದು, ದಾರಿಯಲ್ಲಿ ಮದ್ಯ, ಮಾಂಸ, ತಂಬಾಕುಗಳನ್ನು ದೂರವಿಡುವುದು, ಊಟ ನಿದ್ರೆಗಳು ಬೇಡವೆನಿಸುವಷ್ಟು ದಣಿಯದಿರುವುದು ಇವೇ ಮೊದಲಾದುವು. ಒಣಜಂಬಕ್ಕಾಗಿ ಎಂದೂ ಪೆಡಲು ತುಳಿಯಬಾರದೆಂಬುದು ಅವುಗಳಲ್ಲಿ ಕೊನೆಯದು. ಆತನು ಸ್ವತಃ ಶಾಕಾಹಾರಿಯಾಗಿದ್ದನು. ಅರವತ್ತು ದಾಟಿದ ಮೇಲೂ ದೀರ್ಘ ಸವಾರಿಗಳನ್ನು ಬಿಡಲಿಲ್ಲ. ಅಂಗಡಿಯಿಂದ ಸಿರಿವಂತನಾಗಲಿಲ್ಲ, ಆ ಬಗ್ಗೆ ಚಿಂತಿಸಿದಂತೆಯೂ ಕಾಣುವುದಿಲ್ಲ.

1922ರಲ್ಲಿ ಅಭಿಮಾನಿಗಳು ‘ವೆಲೋಸಿಯೋ ದಿನ’ವನ್ನು ಆರಂಭಿಸಿದರು. ಅಂದು ಕಿರಿಯರು ಹಿರಿಯರೆನ್ನದೆ ಸವಾರರೆಲ್ಲ ಸೆಂಟ್ ಎತಿಯೆನ್‌ನಿಂದ ಹೊರಟು ರಿಪಬ್ಲಿಕ್ ಘಾಟಿಯನ್ನು ಏರುತ್ತಿದ್ದರು. ಅವರ ನಡುವೆ ಬಿಳಿಯ ಮೀಸೆಯ ವೃದ್ಧ ವೆಲೋಸಿಯೋನೂ ಇರುತ್ತಿದ್ದನು.

ಪ್ರತಿದಿನ ಬೆಳಗ್ಗೆ ಪ್ರಾಚೀನರ ಒಂದೆರಡು ಪುಟಗಳನ್ನು ಓದುವ ಅಭ್ಯಾಸವನ್ನು ಆತನು ಕೊನೆಯವರೆಗೂ ಉಳಿಸಿಕೊಂಡಿದ್ದನು. 1930ರಲ್ಲಿ ಒಂದು ದಿನ, ಬೈಸಿಕಲ್ಲನ್ನು ಕೈಯಲ್ಲಿ ಹಿಡಿದು ನಡೆಯುತ್ತ ಊರಿನ ರಸ್ತೆಯನ್ನು ದಾಟುತ್ತಿದ್ದಾಗ ಟ್ರಾಂ ಗಾಡಿ ಬಡಿದು ಆತನು ಮರಣಹೊಂದಿದನು. ಆಗ ಆತನಿಗೆ ಎಪ್ಪತ್ತಾರು ವರ್ಷ. ಘಾಟಿಯ ನೆತ್ತಿಯಲ್ಲಿ ಸವಾರರು ಆತನ ನೆನಪಿಗಾಗಿ ಒಂದು ಸ್ಮಾರಕವನ್ನು ನಿಲ್ಲಿಸಿದ್ದಾರೆ. ಟೂರ್ ದ ಫ್ರಾನ್ಸ್ ಪಂದ್ಯದಲ್ಲಿ ಸರಪಣಿಯನ್ನು ಬದಲಿಸುವ ಗೇರಿಗೆ ಅನುಮತಿ ದೊರೆತುದು 1937ರಲ್ಲಿ, ಆತನು ತೀರಿಕೊಂಡ ಏಳು ವರ್ಷಗಳ ಮೇಲೆ.