ಬಂದೊಡೆ, ಬಂದಡೆ, ಬಂದ್ರೆ: ಕಿಟೆಲ್ ಬೆನ್ನು ಹತ್ತಿದ ಭಾಷೆ

ಬಸವನಗುಡಿಯಿಂದ ಎಂ.ಜಿ. ರೋಡಿಗೆ ಹೋದಾಗ ಅಲ್ಲಿ ನಿಂತಿರೋ ಫರ್ಡಿನಾಂಡ್ ಕಿಟೆಲ್ ಪ್ರತಿಮೆಯನ್ನು ನೀವು ನೋಡಿರ್ತೀರಿ. ನಿಘಂಟು ಮಾಡಿದ ಪಾದ್ರಿ ಅಂತ ಎಲ್ಲರಿಗೂ ಗೊತ್ತು. ಅವರು ವ್ಯಾಕರಣವನ್ನೂ ಬರೆದರು ಅನ್ನೋದು ಅಷ್ಟಾಗಿ ಗೊತ್ತಿಲ್ಲ.

ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರದ ಕರಾವಳಿ ಸೀಮೆಯಲ್ಲಿ. ಬಾಸೆಲ್ ಮಿಷನ್ನಿನವರಾಗಿ ಇಲ್ಲಿಗೆ ಬಂದಾಗ ವಯಸ್ಸು 21, ಅಂದ್ರೆ ನಮ್ಮ ಫೈನಲ್ ಇಯರ್ ವಯಸ್ಸು. ಧಾರವಾಡ, ಮಂಗಳೂರು, ಮಡಿಕೇರಿ ಅಂತ ಊರೂರು ಸುತ್ತಿದರು. ಬಂದದ್ದು ಧರ್ಮಪ್ರಚಾರಕ್ಕೆ, ಮುಳುಗಿದ್ದು ಹಳಗನ್ನಡದಲ್ಲಿ. ಪ್ರಚಾರಕ್ಕೆ ಕೊಡಬೇಕಾದ ಸಮಯ ಹಳೇ ಕಾವ್ಯಗಳಿಗೆ ಹೋಗುತ್ತಿದೆ ಅಂತ ಜೊತೆಯ ಮಿಷನರಿಗಳಲ್ಲಿ ಹಲವರಿಗೆ ಅಸಮಾಧಾನವಿತ್ತು. ಇವರು ಬಿಡಲಿಲ್ಲ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದೋಂಬುಧಿ ಸಂಪಾದಿಸಿದರು. 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಬಂತು. ಅಷ್ಟೊತ್ತಿಗೆ ಅರವತ್ತು ದಾಟಿತ್ತು. ಬೇರೆ ಯಾರಾದರೂ ಆಗಿದ್ದರೆ ಸಾಕು ಅಂತಿದ್ದರು. ಕಿಟೆಲ್ ವ್ಯಾಕರಣಕ್ಕೆ ಕೂತರು.

ಹಳಗನ್ನಡ, ನಡುಗನ್ನಡ, ಹೊಸಗನ್ನಡ, ಮೂರನ್ನೂ ಒಂದೇ ಪುಸ್ತಕದಲ್ಲಿ ಇಟ್ಟದ್ದು ಅದರ ಹೆಚ್ಚುಗಾರಿಕೆ. ಅದರಿಂದ ಏನು ಲಾಭ? ಒಂದು ಸಣ್ಣ ಪ್ರತ್ಯಯ ತಗೊಳ್ಳಿ. ಗಾಂಧಿಬಜಾರಿನಲ್ಲಿ ನಿಂತು 'ಬಸ್ ಬಂದ್ರೆ ಹೇಳು' ಅಂತೀವಿ. ಬರಹದಲ್ಲಿ ಅದು 'ಬಂದರೆ'. ವಚನಗಳ ಕಾಲಕ್ಕೆ 'ಬಂದಡೆ', ಪಂಪನ ಕಾಲಕ್ಕೆ 'ಬಂದೊಡೆ'. ಇವತ್ತಿನ 'ರೆ'ಯನ್ನು ಮಾತ್ರ ನೋಡಿದರೆ ಅದೊಂದು ಬಾಲದ ಥರ ಕಾಣುತ್ತೆ. ಮೂರನ್ನೂ ಪಕ್ಕಪಕ್ಕ ಇಟ್ಟರೆ 'ಬಂದ' ಅನ್ನೋ ಭೂತಕಾಲದ ರೂಪಕ್ಕೆ 'ಒಡೆ' ಸೇರಿ, ಸವೆದು ಸವೆದು 'ರೆ' ಆದದ್ದು ಗೊತ್ತಾಗುತ್ತೆ.

ತಮಾಷೆ ನೋಡಿ, ಬಸ್ ಇನ್ನೂ ಬಂದೇ ಇಲ್ಲ, ಆದರೂ 'ಬಂದ' ಅಂತ ಭೂತಕಾಲ! ಷರತ್ತು ಮೊದಲು ಮುಗಿಯಬೇಕು, ಫಲ ಆಮೇಲೆ. ದೂರದ ಇಥಿಯೋಪಿಯಾದ ಅಮ್ಹಾರಿಕ್ ಭಾಷೆಯಲ್ಲೂ ಒಂದು ಬಗೆಯ ಷರತ್ತು ಭೂತರೂಪದಲ್ಲೇ ಬರುತ್ತೆ. ವ್ಯತ್ಯಾಸ ಏನಂದ್ರೆ ಅಲ್ಲಿ ಗುರುತು ಕ್ರಿಯಾಪದದ ಮುಂದೆ ಅಂಟುತ್ತೆ, ನಮ್ಮಲ್ಲಿ ಹಿಂದೆ. ಕೋಡಿನಲ್ಲಿ 'ಇಫ್' ಮೊದಲೇ ಬರೆದು ಅಭ್ಯಾಸವಾದವರಿಗೆ ನಮ್ಮ ಕ್ರಮ ತಲೆಕೆಳಗು ಅನ್ನಿಸಬಹುದು. ಇನ್ನೊಂದು ಗಮನಿಸಿ: ನಾವು 'ಬಟ್' ಅರ್ಥದಲ್ಲಿ ಹೇಳೋ 'ಆದರೆ' ಕೂಡ ಮೂಲದಲ್ಲಿ ಷರತ್ತೇ, 'ಆಗು' ಧಾತುವಿನದ್ದು. 'ಆದರೂ' ಅಂದ್ರೆ ಅದಕ್ಕೇ ಒಂದು 'ಊ' ಸೇರಿಸಿದ್ದು.

ವ್ಯಾಕರಣ ಅಚ್ಚಾದದ್ದು ಮಂಗಳೂರಿನಲ್ಲಿ, 1903ರಲ್ಲಿ. ಅದೇ ಡಿಸೆಂಬರಿನಲ್ಲಿ ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ ಕಿಟೆಲ್ ತೀರಿಕೊಂಡರು. ಈಗ ಚಾಮರಾಜಪೇಟೆಯಲ್ಲಿರೋ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟೋಕೆ ಇನ್ನೂ ಹನ್ನೆರಡು ವರ್ಷ ಇತ್ತು. ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಬಂದದ್ದು ಅದಕ್ಕೂ ಎಷ್ಟೋ ಕಾಲದ ನಂತರ. ಕಿಟೆಲ್ ವ್ಯಾಕರಣದ ಸ್ಕ್ಯಾನ್ ಪ್ರತಿ ನೆಟ್ಟಲ್ಲಿ ಉಚಿತವಾಗಿ ಸಿಗುತ್ತೆ. ವಿವರಣೆ ಇಂಗ್ಲಿಷಿನಲ್ಲಿದೆ, ಉದಾಹರಣೆಗಳೆಲ್ಲ ಕನ್ನಡದವು.