ಯಂತ್ರವನ್ನು ವಿದ್ಯಾರ್ಥಿಯಾಗಿ ಕಂಡ ಅಲನ್ ಟ್ಯೂರಿಂಗ್

ಕೃತಕ ಬುದ್ಧಿಮತ್ತೆಯ ಮಾತು ಇಂದು ನಮ್ಮ ಹಳ್ಳಿಯ ಕಟ್ಟೆಗೂ ಬಂದಿದೆ. ಅದಕ್ಕೆ ಬುನಾದಿ ಹಾಕಿದವರಲ್ಲಿ ಅಲನ್ ಟ್ಯೂರಿಂಗ್ ಪ್ರಮುಖರು. ನಮ್ಮ ಕೃಷ್ಣೆಯನ್ನು ಮುಂದೆ ಸೇರುವ ತುಂಗಭದ್ರೆಗೆ ರೈಲು ಸೇತುವೆ ಕಟ್ಟಿಸಿದ ಎಂಜಿನಿಯರ್ ಎಡ್ವರ್ಡ್ ಸ್ಟೋನಿ ಇವರ ತಾಯಿಯ ತಂದೆ. ತಂದೆ ಜೂಲಿಯಸ್ ಮದ್ರಾಸ್ ಪ್ರಾಂತದ ಐ.ಸಿ.ಎಸ್. ಅಧಿಕಾರಿ, ಬಳ್ಳಾರಿಯಲ್ಲೂ ಸೇವೆ ಸಲ್ಲಿಸಿದ್ದರು.

ಅಲನ್ ಜನಿಸಿದ್ದು 1912ರ ಜೂನ್ 23ರಂದು, ಲಂಡನ್ನಿನಲ್ಲಿ. ಹೆತ್ತವರು ಭಾರತದಲ್ಲಿದ್ದುದರಿಂದ ಬಾಲ್ಯದ ಬಹುಕಾಲ ಪರರ ಮನೆಯಲ್ಲಿ ಕಳೆಯಿತು. 1926ರಲ್ಲಿ ಹೊಸ ಶಾಲೆಗೆ ಹೊರಟಾಗ ಮುಷ್ಕರದಿಂದ ರೈಲುಗಳಿಲ್ಲ. 13ರ ಹುಡುಗ ಸುಮಾರು 100 ಕಿ.ಮೀ. ಸೈಕಲ್ ತುಳಿದು ಶಾಲೆ ಮುಟ್ಟಿದ. ಅದು ನಿಪ್ಪಾಣಿಯಿಂದ ಬೆಳಗಾವಿ ದಾಟಿ ಹೋಗುವಷ್ಟು ದೂರ!

1936ರಲ್ಲಿ, ಹಂತಹಂತವಾಗಿ ಬರೆದು ಕೊಡಬಹುದಾದ ಯಾವ ಲೆಕ್ಕವನ್ನಾದರೂ ಮಾಡಬಲ್ಲ ಒಂದೇ ಯಂತ್ರವನ್ನು ಅವರು ಕಲ್ಪಿಸಿದರು. ಇಂದಿನ ಕಂಪ್ಯೂಟರಿನ ಮೂಲ ವಿಚಾರ ಅದೇ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಎನಿಗ್ಮಾ ಸಂಕೇತಗಳನ್ನು ಬಿಡಿಸಲು ದುಡಿದರು. 1950ರ ಲೇಖನದಲ್ಲಿ, ದೊಡ್ಡವರ ಬುದ್ಧಿಯನ್ನೇ ಯಂತ್ರಕ್ಕೆ ತುಂಬುವ ಬದಲು, ಮಗುವಿನಂಥ ಯಂತ್ರ ಮಾಡಿ ಅದಕ್ಕೆ ಪಾಠ ಕಲಿಸಬಾರದೇಕೆ ಎಂದು ಕೇಳಿದರು. ಈಗಿನ ಯಂತ್ರಗಳೂ ಉದಾಹರಣೆಗಳಿಂದಲೇ ಕಲಿಯುತ್ತವೆ.

ದೇಶ ಅವರಿಗೆ ಕೊಟ್ಟಿದ್ದು ಶಿಕ್ಷೆ. ಸಲಿಂಗ ಪ್ರೇಮ ಅಂದು ಅಲ್ಲಿ ಅಪರಾಧ. 1952ರಲ್ಲಿ ತಪ್ಪಿತಸ್ಥರೆಂದು ತೀರ್ಪಾಯಿತು. ಸೆರೆಮನೆ ತಪ್ಪಿಸಲು ಹಾರ್ಮೋನ್ ಚಿಕಿತ್ಸೆಗೆ ಒಪ್ಪಬೇಕಾಯಿತು. 1954ರ ಜೂನ್ 7ರಂದು, 42 ತುಂಬುವ ಮೊದಲೇ, ಸಯನೈಡ್ ವಿಷದಿಂದ ತೀರಿಕೊಂಡರು. ರಾಣಿಯ ಕ್ಷಮಾದಾನ ಬಂದದ್ದು 2013ರಲ್ಲಿ.

ಯಂತ್ರವೂ ಕಲಿಯಬಲ್ಲದೆಂದು ನಂಬಿದವರು ಅವರು. ನಮ್ಮ ಶಾಲೆಯ ಯಾವ ಮಗುವನ್ನೂ, ಅದು ಬೇರೆಯವರಂತಿಲ್ಲ ಎಂಬ ಕಾರಣಕ್ಕೆ, ನಾವು ಕೈಬಿಡದಿರೋಣ.