ಗಂಟಲಿನ ಪಾಲಕ ಸಂತ ಬ್ಲೇಸ್

ಫೆಬ್ರವರಿ 3 ಸಂತ ಬ್ಲೇಸರ ಹಬ್ಬ. ಅಂದು ಗುರುಗಳು ಎರಡು ಮೇಣದಬತ್ತಿಗಳನ್ನು ಶಿಲುಬೆಯಾಕಾರದಲ್ಲಿ ಹಿಡಿದು, ನಮ್ಮ ಕೊರಳಿಗೆ ಸೋಕಿಸಿ ಆಶೀರ್ವದಿಸುತ್ತಾರೆ. ಪ್ರಾರ್ಥನೆ ತಮಿಳಿನಲ್ಲಿರಲಿ, ಕನ್ನಡದಲ್ಲಿರಲಿ, ಸಾಲಿನಲ್ಲಿ ನಿಂತ ತಾಯಂದಿರ ಕೋರಿಕೆ ಒಂದೇ.

ಬ್ಲೇಸರು ಅರ್ಮೇನಿಯಾದ ಸೆಬಾಸ್ಟೆ ಪಟ್ಟಣದ ಧರ್ಮಾಧ್ಯಕ್ಷರು. ಆ ಊರು ಈಗ ಟರ್ಕಿಯ ಸಿವಾಸ್. ಮೊದಲು ಅವರು ವೈದ್ಯರಾಗಿದ್ದರೆಂದು ಪರಂಪರೆ ಹೇಳುತ್ತದೆ. ಚಕ್ರವರ್ತಿ ಲಿಸಿನಿಯುಸನ ಕಾಲದಲ್ಲಿ ಕ್ರೈಸ್ತರಿಗೆ ಹಿಂಸೆ ಶುರುವಾದಾಗ ಗುಡ್ಡದ ಗವಿಯೊಂದರಲ್ಲಿ ಪ್ರಾರ್ಥನೆಯಲ್ಲಿದ್ದರು. ಗಾಯಗೊಂಡ ಕಾಡುಪ್ರಾಣಿಗಳೂ ಅವರ ಬಳಿ ಬಂದು ಗುಣವಾಗಿ ಹೋಗುತ್ತಿದ್ದವಂತೆ. ಕೊನೆಗೆ ಬೇಟೆಗಾರರ ಕಣ್ಣಿಗೆ ಬಿದ್ದು ಸೆರೆಯಾದರು.

ಸೆರೆಮನೆಯ ದಾರಿಯಲ್ಲಿ ತಾಯಿಯೊಬ್ಬಳು ಮಗನನ್ನು ತಂದು ಅವರ ಪಾದದ ಬಳಿ ಮಲಗಿಸಿದಳು. ಮೀನಿನ ಮುಳ್ಳು ಸಿಕ್ಕಿ ಹುಡುಗನಿಗೆ ಉಸಿರು ಕಟ್ಟಿತ್ತು. ತಾವೇ ಸಾವಿನ ಕಡೆ ನಡೆಯುತ್ತಿದ್ದರೂ ಬ್ಲೇಸರು ನಿಂತರು, ಪ್ರಾರ್ಥಿಸಿದರು. ಹುಡುಗ ಉಳಿದ. ತೋಳ ಹೊತ್ತೊಯ್ದ ಹಂದಿಯನ್ನು ಅವರಿಂದ ಮರಳಿ ಪಡೆದಿದ್ದ ಬಡ ಹೆಂಗಸು ಸೆರೆಮನೆಯ ಕತ್ತಲಿಗೆ ಮೇಣದಬತ್ತಿ ತಂದುಕೊಟ್ಟಳು. ನಮ್ಮ ಮೇಣದಬತ್ತಿಗಳು ಅದರ ನೆನಪು. ಸುಮಾರು 316ರಲ್ಲಿ, ಉಣ್ಣೆ ಬಾಚುವ ಕಬ್ಬಿಣದ ಬಾಚಣಿಗೆಯಿಂದ ಮೈ ಸೀಳಿ, ತಲೆ ಕಡಿದು ಅವರನ್ನು ಕೊಂದರು. ಗಂಟಲಲ್ಲಿ ಮೂಳೆ ಸಿಕ್ಕಾಗ ಬ್ಲೇಸರನ್ನು ನೆನೆಯುವುದನ್ನು 6ನೇ ಶತಮಾನದ ವೈದ್ಯ ಏಟಿಯಸ್ ತನ್ನ ವೈದ್ಯಗ್ರಂಥದಲ್ಲೇ ಬರೆದಿದ್ದಾನೆ.

ವೈದ್ಯ ಸಂತರ ಭಕ್ತರು ಕೈಯ ಕೆಲಸವನ್ನೂ ಕಲಿತಿರಬೇಕು. ಮಗುವಿನ ಶ್ವಾಸನಾಳಕ್ಕೆ ಕಡಲೆಬೀಜವೋ ಗುಂಡಿಯೋ ಹೋಗಿ, ಅದು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮು, ಅಳು, ಮಾತು ನಿಂತರೆ ಮುಂದಕ್ಕೆ ಬಾಗಿಸಿ, ಬೆನ್ನಿನ ಮೇಲೆ ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ 5 ಏಟು ಕೊಡಿ. ಆಗಲೂ ಬರದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿನ ಮೇಲ್ಗಡೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ 5 ಬಾರಿ ಒತ್ತಿ. ವಸ್ತು ಹೊರಬರುವವರೆಗೆ ಎರಡನ್ನೂ ಮಾಡುತ್ತಿರಿ. ದೊಡ್ಡವರಿಗೂ ಇದೇ ಕ್ರಮ. ವರ್ಷ ತುಂಬದ ಕೂಸಿನ ಹೊಟ್ಟೆ ಒತ್ತಬಾರದು. ತಲೆ ತಗ್ಗಿಸಿ ಬೋರಲು ಹಿಡಿದು ಬೆನ್ನಿಗೆ 5 ಏಟು, ಅಂಗಾತ ತಿರುಗಿಸಿ ಎರಡು ಬೆರಳಿನಿಂದ ಎದೆಯ ನಡುವೆ 5 ಒತ್ತು. ಕಾಣದ ವಸ್ತುವಿಗಾಗಿ ಬಾಯಲ್ಲಿ ಬೆರಳಾಡಿಸಬೇಡಿ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಕರೆಮಾಡಲಿ. ಮೀನಿನ ಮುಳ್ಳು ಸಿಕ್ಕರೆ ಅನ್ನದುಂಡೆ ನುಂಗಿಸಬೇಡಿ, ಮುಳ್ಳು ಇನ್ನೂ ಆಳಕ್ಕೆ ನಾಟೀತು.

ಉಸಿರು ಸರಿಹೋಯಿತೆಂದು ಸುಮ್ಮನಾಗಬೇಡಿ. ಕೆಮ್ಮು ಬಿಡದಿದ್ದರೆ, ಎದೆಯ ಒಂದೇ ಕಡೆ ಸಿಳ್ಳೆಯ ಸದ್ದು ಬಂದರೆ, ಮತ್ತೆ ಮತ್ತೆ ನ್ಯುಮೋನಿಯಾ ಆದರೆ, ಉಸಿರುಗಟ್ಟಿದ್ದ ಆ ದಿನದ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ. ಕಡಲೆಬೀಜ ಎಕ್ಸ್‌ರೇಯಲ್ಲಿ ಕಾಣದಿರಬಹುದು. ಬ್ರಾಂಕೋಸ್ಕೋಪ್ ಇಳಿಸಿ ಅದನ್ನು ತೆಗೆಯುತ್ತಾರೆ.

ಹಬ್ಬದ ದಿನ ಮಕ್ಕಳನ್ನು ಆಶೀರ್ವಾದಕ್ಕೆ ಕರೆತನ್ನಿ. ಸಂತ ಬ್ಲೇಸರೇ, ನಮಗಾಗಿ ಪ್ರಾರ್ಥಿಸಿರಿ.